ಗುಲಾಬಿ ಸಾಕು, ಕುರ್ಚಿ ಕೊಡಿ

ಮೇ 12 ಬಂತು ಅಂದ್ರೆ ನನ್ನ ಚಿಕ್ಕಮ್ಮನ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಒಂದು ಗುಲಾಬಿ ಕಾಣಿಸುತ್ತೆ. ಪ್ಲಾಸ್ಟಿಕ್ ಹಾಳೆ ಸುತ್ತಿದ ಒಂಟಿ ಗುಲಾಬಿ. ದಾದಿಯರ ದಿನ ಅಂತ ಆಸ್ಪತ್ರೆಯವರು ಕೊಟ್ಟಿದ್ದು. ಜೊತೆಗೆ ಒಂದು ಮೇಣದಬತ್ತಿ, ಒಂದು ಭಾಷಣ, ಒಂದು ಪ್ಲೇಟ್ ಕೇಸರಿಬಾತ್. ಭಾಷಣದಲ್ಲಿ ಪ್ರತಿ ವರ್ಷ ಅದೇ ಮಾತು: ನೀವು ಬಿಳಿ ಬಟ್ಟೆ ಹಾಕಿದ ದೇವತೆಗಳು.

ಈ ಸಲ ಫೋನ್ ಮಾಡಿ ಶುಭಾಶಯ ಹೇಳಿದೆ. "ಆಯ್ತು ಮಾರಾಯ, ಆಮೇಲೆ ಮಾತಾಡ್ತೀನಿ. ನಾಳೆ ನೈಟಿಗೆ ಒಬ್ಬಳು ಹುಷಾರಿಲ್ಲ ಅಂದಿದಾಳೆ, ಇನ್ನೊಬ್ಬಳ ಮಗೂಗೆ ಜ್ವರ. ಡ್ಯೂಟಿ ಚಾರ್ಟ್ ಮತ್ತೆ ಬರೀಬೇಕು" ಅಂತ ಇಟ್ಟೇಬಿಟ್ಟಳು.

ಚಿಕ್ಕಮ್ಮ ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ವಾರ್ಡ್ ಇನ್‌ಚಾರ್ಜ್ ಸಿಸ್ಟರ್. ಯಾವ ಆಸ್ಪತ್ರೆ, ಸರ್ಕಾರಿಯೋ ಖಾಸಗಿಯೋ ಅಂತ ಹೇಳೋದಿಲ್ಲ. ಅವಳ ನೌಕರಿ ನನ್ನ ಬರವಣಿಗೆಗಿಂತ ಮುಖ್ಯ. ಭದ್ರಾವತಿ ಪಕ್ಕದ ನಮ್ಮ ಹಳ್ಳಿಯಿಂದ ದಿನಾ ಬಸ್ಸು ಹತ್ತಿ ಹೋಗಿ ನರ್ಸಿಂಗ್ ಓದಿದ ಮೊದಲ ಹುಡುಗಿ ಅವಳು. ನಾನು ಬಿ.ಇ. ಓದಿದ್ದರಲ್ಲಿ ಅವಳ ಸಂಬಳದ ಪಾಲೂ ಇದೆ. ಇಷ್ಟು ವರ್ಷದ ಸರ್ವೀಸಿನಲ್ಲಿ ಅವಳನ್ನು ಆಸ್ಪತ್ರೆಯ ಮೀಟಿಂಗಿಗೆ ಕರೆದೇ ಇಲ್ಲವಾ ಅಂತ ಒಮ್ಮೆ ಕೇಳಿದ್ದೆ. "ಕರೀತಾರಲ್ಲ, ರಿಜಿಸ್ಟರ್ ತಗೊಂಡು ಬಾ ಅಂತ" ಅಂದಳು.

ಈ ಲೇಖನ ಆ ರಿಜಿಸ್ಟರಿನ ಬಗ್ಗೆ.

ನಮ್ಮಲ್ಲಿ ಹೆಚ್ಚಿನವರಿಗೆ ನರ್ಸ್ ಅಂದ್ರೆ ಇಂಜೆಕ್ಷನ್ ಕೊಡೋರು, ಡ್ರಿಪ್ ಹಾಕೋರು. ಅವರಲ್ಲೂ ಮ್ಯಾನೇಜರ್ ಅಂತ ಒಂದು ಹಂತ ಇದೆ ಅನ್ನೋದು ಗೊತ್ತಿರೋದಿಲ್ಲ. ವಾರ್ಡ್ ಇನ್‌ಚಾರ್ಜ್, ಹೆಡ್ ನರ್ಸ್, ನರ್ಸಿಂಗ್ ಸೂಪರಿಂಟೆಂಡೆಂಟ್, ಹಳಬರ ಬಾಯಲ್ಲಿ ಮೇಟ್ರನ್. ಯಾವ ಪಾಳಿಗೆ ಯಾರು, ಯಾವ ಔಷಧಿ ಎಷ್ಟು ಉಳಿದಿದೆ, ಯಾವ ಸಿಲಿಂಡರ್ ಖಾಲಿಯಾಗ್ತಿದೆ, ಯಾವ ಹಾಸಿಗೆಯವರನ್ನು ಕಿಟಕಿ ಪಕ್ಕದಿಂದ ಸ್ಥಳಾಂತರಿಸಬೇಕು, ಎಲ್ಲ ಅವರ ತಲೆಯಲ್ಲಿ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಆರ್ಕಿಟೆಕ್ಟ್ ಡಿಸೈನ್ ಮಾಡಿ ಮನೆಗೆ ಹೋದಮೇಲೆ ರಾತ್ರಿ ಮೂರಕ್ಕೆ ಅಲರ್ಟ್ ಬಂದರೆ ಎದ್ದು ಕೂರುವ ಪ್ರೊಡಕ್ಷನ್ ಸಪೋರ್ಟ್ ಲೀಡ್. ಸಿಸ್ಟಮ್ ಕಾಗದದ ಮೇಲೆ ಹೇಗಿದೆ ಅಂತ ಆರ್ಕಿಟೆಕ್ಟಿಗೆ ಗೊತ್ತು. ಎಲ್ಲಿ ಸೋರುತ್ತೆ ಅಂತ ಇವರಿಗೆ ಗೊತ್ತು.

ಬೇರೆಯವರನ್ನು ಬಯ್ಯೋ ಮುಂಚೆ ನನ್ನ ತಪ್ಪು ಹೇಳಿಬಿಡ್ತೀನಿ.

ನಾನು ಸೇರಿದ ಎರಡನೇ ಕಂಪನಿ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುತ್ತಿತ್ತು. ಒಂದು ದೊಡ್ಡ ಆಸ್ಪತ್ರೆಗೆ ರಿಕ್ವೈರ್ಮೆಂಟ್ ಕೇಳಲು ಹೋದೆವು. ಎರಡು ದಿನ ಎಸಿ ರೂಮಿನಲ್ಲಿ ಮೀಟಿಂಗು. ಡಾಕ್ಟರುಗಳಿದ್ದರು, ಅಕೌಂಟ್ಸಿನವರಿದ್ದರು, ಆಡಳಿತದವರಿದ್ದರು. ಎರಡನೇ ದಿನ ಮಧ್ಯಾಹ್ನ ಒಬ್ಬ ಹಿರಿಯ ಸಿಸ್ಟರನ್ನು ಕರೆಸಿದರು. ನಾಲ್ಕು ರಿಜಿಸ್ಟರ್ ಎದೆಗೊತ್ತಿಕೊಂಡು ಬಾಗಿಲ ಪಕ್ಕ ನಿಂತರು. ಬಾಗಿಲಿಗೆ ಹತ್ತಿರ ಕೂತಿದ್ದವನು ನಾನೇ. ನನ್ನ ಪಕ್ಕದ ಕುರ್ಚಿ ಖಾಲಿ ಇತ್ತು, ಅದರ ಮೇಲೆ ನನ್ನ ಲ್ಯಾಪ್‌ಟಾಪ್ ಬ್ಯಾಗ್ ಇತ್ತು. ನಾನು ಬ್ಯಾಗ್ ತೆಗೆಯಲಿಲ್ಲ.

ರಿಜಿಸ್ಟರ್ ತೋರಿಸಿ ಆದಮೇಲೆ ಅವರು ಒಂದೇ ಒಂದು ಪ್ರಶ್ನೆ ಕೇಳಿದರು. "ಸಾರ್, ಈ ಕಂಪ್ಯೂಟರಲ್ಲಿ ಔಷಧಿ ಕೊಡೋಕೆ ಮುಂಚೆ ಎಂಟ್ರಿ ಮಾಡೋದಾ, ಕೊಟ್ಟಾದ ಮೇಲಾ?" ಅದೆಲ್ಲ ಟ್ರೈನಿಂಗಿನಲ್ಲಿ ಹೇಳಿಕೊಡ್ತೀವಿ ಮೇಡಂ ಅಂತ ನಮ್ಮವರೇ ಯಾರೋ ಅಂದರು. ಅವರು ತಲೆಯಾಡಿಸಿ ಹೋದರು.

ಆ ಎರಡು ದಿನದಲ್ಲಿ ಯಾರಾದರೂ ಕೇಳಿದ ನಿಜವಾದ ಪ್ರಶ್ನೆ ಅದೊಂದೇ. ಸಾಫ್ಟ್‌ವೇರ್ ಲೈವ್ ಆದಮೇಲೆ ಸಪೋರ್ಟಿಗೆ ಹೋದಾಗ ಗೊತ್ತಾಯ್ತು. ವಾರ್ಡಿಗೊಂದು ಕಂಪ್ಯೂಟರು, ಅದೂ ಸಿಸ್ಟರ್ ಟೇಬಲ್ ಮೇಲೆ. ರೋಗಿಗಳು ಮೂವತ್ತು ಚಿಲ್ಲರೆ. ಪ್ರತಿ ಮಾತ್ರೆಗೂ ಮಂಚದಿಂದ ಟೇಬಲ್ಲಿಗೆ, ಟೇಬಲ್ಲಿಂದ ಮಂಚಕ್ಕೆ ಓಡಾಡಿದರೆ ಬೆಳಗಿನ ಔಷಧಿ ಮುಗಿಯೋದು ಸಂಜೆಗೆ. ಹಾಗಾಗಿ ಅವರು ಹಳೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಪಾಳಿ ಮುಗಿಯುವಾಗ ಎಲ್ಲವನ್ನೂ ಒಟ್ಟಿಗೆ ತುಂಬುತ್ತಿದ್ದರು. ನಮ್ಮ ಡೇಟಾಬೇಸಿನ ಪ್ರಕಾರ ಆ ವಾರ್ಡಿನ ಎಲ್ಲರಿಗೂ ಎಲ್ಲ ಔಷಧಿಯೂ ಪಾಳಿಯ ಕೊನೆಯ ಇಪ್ಪತ್ತು ನಿಮಿಷದಲ್ಲಿ ಸಿಗುತ್ತಿತ್ತು.

ಇದು ಬರೀ ಜೋಕ್ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆ ಡೇಟಾ ಮೇಲೆ ಹೋಗಿ ಚೆಂದದ ಡ್ಯಾಶ್‌ಬೋರ್ಡ್ ಆಯ್ತು. ಡ್ಯಾಶ್‌ಬೋರ್ಡಿನಲ್ಲಿ ರಾತ್ರಿ ಒಂದರಿಂದ ಐದರವರೆಗೆ ಎಂಟ್ರಿಗಳೇ ಇಲ್ಲ. ರಾತ್ರಿ ಕೆಲಸ ಕಡಿಮೆ ಅಂತ ತೀರ್ಮಾನ ಆಯ್ತು, ರಾತ್ರಿ ಪಾಳಿಯಿಂದ ಒಬ್ಬರನ್ನು ತೆಗೆದು ಬೇರೆ ಕಡೆ ಹಾಕಿದರು. ನಾನು ಬರೆದ ಕೋಡು, ನಾನು ಕೊಡದ ಕುರ್ಚಿ, ಯಾರದೋ ರಾತ್ರಿ.

ಪಾಲಿಸಿ ಅಂದ್ರೆ ವಿಧಾನಸೌಧದಲ್ಲಿ ದಪ್ಪ ಪುಸ್ತಕವಾಗಿ ಹೊರಬರುವುದು ಮಾತ್ರ ಅಂದುಕೊಳ್ಳಬೇಡಿ. ರಾತ್ರಿ ಪಾಳಿಗೆ ಎಷ್ಟು ಜನ ಅನ್ನೋದೂ ಪಾಲಿಸಿಯೇ. ಯಾವ ಕಂಪನಿಯ ಡ್ರಿಪ್ ಸೆಟ್ ಕೊಳ್ಳೋದು ಅನ್ನೋದೂ ಪಾಲಿಸಿಯೇ.

ಒಂದು ಸಣ್ಣ ಲೆಕ್ಕ ಕೊಡ್ತೀನಿ. ಸಾಮಾನ್ಯ ಆಸ್ಪತ್ರೆಯಲ್ಲಿ ಐದು ರೋಗಿಗಳಿಗೆ ಒಬ್ಬ ನರ್ಸ್, ಬೋಧಕ ಆಸ್ಪತ್ರೆಯಲ್ಲಿ ಮೂವರಿಗೆ ಒಬ್ಬರು ಅನ್ನುತ್ತೆ ಭಾರತೀಯ ನರ್ಸಿಂಗ್ ಕೌನ್ಸಿಲ್ಲಿನ ಮಾನದಂಡ. ಈಗ ಯಾರೋ ಕಚೇರಿಯಲ್ಲಿ ಕೂತು, 30 ಹಾಸಿಗೆಯ ವಾರ್ಡು, ಐದರಿಂದ ಭಾಗಿಸಿದರೆ ಆರು ಜನ, ಸಾಕು ಅಂತ ಬರೆದರು ಅಂತಿಟ್ಟುಕೊಳ್ಳಿ. ಆರು ಜನ, ವಾರಕ್ಕೆ ಒಬ್ಬರಿಗೆ ಆರು ಪಾಳಿ, ಒಟ್ಟು 36. ದಿನಕ್ಕೆ ಮೂರರಂತೆ ವಾರದಲ್ಲಿರೋ ಪಾಳಿಗಳು 21. ಪಾಳಿಗೆ ಇಬ್ಬರೂ ಬರೋದಿಲ್ಲ. ಬೆಳಗ್ಗೆ ರೌಂಡ್ಸ್ ಸಮಯಕ್ಕೆ ಕನಿಷ್ಠ ಇಬ್ಬರು ಬೇಕೇಬೇಕು. ಮೇಲೆ ಒಬ್ಬರು ಹೆರಿಗೆ ರಜೆ, ಒಬ್ಬರಿಗೆ ಟೈಫಾಯ್ಡು. ಆಗ ರಾತ್ರಿ ಉಳಿಯೋದು ಮೂವತ್ತು ಜನಕ್ಕೆ ಒಬ್ಬಳು. ಕಾಗದದಲ್ಲಿ ಒಂದಕ್ಕೆ ಐದು, ರಾತ್ರಿ ಎರಡು ಗಂಟೆಗೆ ಒಂದಕ್ಕೆ ಮೂವತ್ತು. ಈ ಲೆಕ್ಕ ಹಾಕೋಕೆ ಬಿ.ಇ. ಬೇಕಿಲ್ಲ, ಡ್ಯೂಟಿ ಚಾರ್ಟ್ ಬರೆದು ಗೊತ್ತಿರಬೇಕು. ಹಾಗೆ ಗೊತ್ತಿರೋ ಒಬ್ಬರು ಆ ಟೇಬಲ್ಲಿನ ಸುತ್ತ ಇರಬೇಕು ಅಂತ ಕೇಳೋದು ದೊಡ್ಡ ಕ್ರಾಂತಿಯಾ?

"ನೀತಿ ರೂಪಿಸೋದಕ್ಕೆ ತಜ್ಞರು ಬೇಕು ಕಣಯ್ಯ, ನರ್ಸುಗಳಿಗೆ ಅದೆಲ್ಲ ಏನು ಗೊತ್ತಾಗುತ್ತೆ" ಅಂತ ನನ್ನ ಗೆಳೆಯನೊಬ್ಬ ಅಂದ. ಡೇಟಾ ಸೈಂಟಿಸ್ಟ್ ಅವನು. ಹಾಗಾಗಿ ಅವನಿಗೆ ಅವನದೇ ವೃತ್ತಿಯ ಅಜ್ಜಿಯ ಕತೆ ಹೇಳಿದೆ. ನಾವು ದೀಪ ಹಿಡಿದ ಮಹಿಳೆ ಅಂತ ಶಾಲೆಯಲ್ಲಿ ಓದಿದ ಫ್ಲಾರೆನ್ಸ್ ನೈಟಿಂಗೇಲ್ ದೀಪಕ್ಕಿಂತ ಹೆಚ್ಚು ಹಿಡಿದದ್ದು ಅಂಕಿಅಂಶ. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯದಿಂದ ಸತ್ತದ್ದಕ್ಕಿಂತ ಕೊಳಕಿನಿಂದ ಹರಡಿದ ರೋಗದಿಂದ ಸತ್ತದ್ದೇ ಹೆಚ್ಚು ಅಂತ 1858ರಲ್ಲಿ ಬಣ್ಣದ ಚಿತ್ರ ಬರೆದು ತೋರಿಸಿದಳು. ಇವತ್ತು ಡೇಟಾ ವಿಶುವಲೈಸೇಷನ್ ಅಂತ ಕೋರ್ಸು ಮಾಡುವವರಿಗೆಲ್ಲ ಆ ಚಿತ್ರ ತೋರಿಸ್ತಾರೆ. ಲಂಡನ್ನಿನ ಸ್ಟಾಟಿಸ್ಟಿಕಲ್ ಸೊಸೈಟಿಯ ಮೊದಲ ಮಹಿಳಾ ಸದಸ್ಯೆ ಅವಳು. ಭಾರತದ ಸೈನ್ಯದ ಆರೋಗ್ಯದ ಬಗ್ಗೆ 1863ರಲ್ಲಿ ಬಂದ ರಾಯಲ್ ಕಮಿಷನ್ ವರದಿಯ ಹಿಂದೆಯೂ ಅವಳ ದುಡಿಮೆ ಇತ್ತು. ಇಲ್ಲಿಗೆ ಒಮ್ಮೆಯೂ ಬರದೆ, ಇಲ್ಲಿನ ಠಾಣೆಗಳಿಗೆಲ್ಲ ಪ್ರಶ್ನೆಪಟ್ಟಿ ಕಳಿಸಿ ಮಾಹಿತಿ ತರಿಸಿ ವಿಶ್ಲೇಷಿಸಿದಳು. ಅವಳು ಹುಟ್ಟಿದ್ದು ಮೇ 12. ಅವಳ ಹೆಸರಿನ ದಿನ ನಾವು ಮೇಣದಬತ್ತಿ ಹಚ್ಚಿ ಅಂಕಿಅಂಶವನ್ನು ಮರೆತೆವು.

ಅಷ್ಟು ಹಿಂದೆ ಹೋಗೋದು ಬೇಡ ಅಂದ್ರೆ ಕೋವಿಡ್ ನೆನಪು ಮಾಡಿಕೊಳ್ಳಿ. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆ. ಮರುದಿನ ಹೊರಬಿದ್ದ ಲೆಕ್ಕದಲ್ಲೇ ಸತ್ತವರು 24. ಅದೇ ಹೊತ್ತಿನಲ್ಲಿ ಮಹಾರಾಷ್ಟ್ರದ ನಂದೂರ್‌ಬಾರ್ ಅನ್ನೋ ಆದಿವಾಸಿ ಜಿಲ್ಲೆಯಲ್ಲಿ 'ಆಕ್ಸಿಜನ್ ನರ್ಸ್' ಅಂತ ಒಂದು ವ್ಯವಸ್ಥೆ ಮಾಡಿದ್ದರು. ಒಬ್ಬ ನರ್ಸಿಗೆ ಅದೇ ಕೆಲಸ: ಯಾರಿಗೆ ಎಷ್ಟು ಆಕ್ಸಿಜನ್ ಹೋಗ್ತಿದೆ, ಯಾರಿಗೆ ಕಡಿಮೆ ಮಾಡಬಹುದು ಅಂತ ಮಂಚದಿಂದ ಮಂಚಕ್ಕೆ ನೋಡುತ್ತಾ ಹೋಗೋದು. ಹೊಸ ಪ್ಲಾಂಟ್ ಹಾಕೋದರ ಜೊತೆಗೆ ಇದ್ದ ಆಕ್ಸಿಜನ್ ಪೋಲಾಗದ ಹಾಗೆ ಕಾದರು. ಆಮೇಲೆ ಕೇಂದ್ರ ಸರ್ಕಾರವೂ ಅದನ್ನು ಹೊಗಳಿತು. ಊಟಕ್ಕೆ ಎದ್ದ ರೋಗಿಯ ಮಾಸ್ಕ್ ಮಂಚದ ಮೇಲೆ ಬುಸ್ ಅಂತಿರುತ್ತೆ ಅನ್ನೋದು ಯಾವ ತಜ್ಞರ ವರದಿಯಲ್ಲೂ ಬರೋದಿಲ್ಲ, ಅದು ವಾರ್ಡಿನಲ್ಲಿ ಇರುವವರ ಜ್ಞಾನ. ನಮ್ಮ ರಾಜ್ಯದ ಕೋವಿಡ್ ತಾಂತ್ರಿಕ ಸಲಹಾ ಸಮಿತಿಯ ಮಾತು ದಿನಾ ಟಿವಿಯಲ್ಲಿ ಕೇಳಿದ್ದೀರಿ. ಆ ಎರಡು ವರ್ಷದಲ್ಲಿ ಸಲಹೆ ಕೊಟ್ಟವರಲ್ಲಿ ಒಬ್ಬ ನರ್ಸಿನ ಹೆಸರು ನಿಮಗೆ ನೆನಪಿದೆಯಾ? ನನಗಿಲ್ಲ.

ಡಾಕ್ಟರುಗಳನ್ನು ಬಯ್ಯುತ್ತಿಲ್ಲ. ಅವರೂ ಹಣ್ಣಾಗಿದ್ದಾರೆ. ಆದರೆ ಡಾಕ್ಟರ್ ರೋಗಿಯ ಬಳಿ ಇರೋದು ನಿಮಿಷಗಳ ಲೆಕ್ಕದಲ್ಲಿ, ನರ್ಸ್ ಇರೋದು ಗಂಟೆಗಳ ಲೆಕ್ಕದಲ್ಲಿ. ಇಬ್ಬರ ಮಾಹಿತಿ ಬೇರೆ ಬೇರೆ, ಎರಡೂ ಬೇಕು.

ಈಗ ಭದ್ರಾವತಿಗೆ ಬನ್ನಿ. ನಮ್ಮ ಕಡೆಯವರಿಗೆ ಕಾರ್ಖಾನೆ ಅಂದ್ರೆ ಎರಡು. ಒಂದು 1918ರಲ್ಲಿ ಮೈಸೂರು ಸಂಸ್ಥಾನ ಕಟ್ಟಲು ಹೊರಟ ಕಬ್ಬಿಣದ ಕಾರ್ಖಾನೆ, ಇವತ್ತಿನ ವಿಐಎಸ್‌ಎಲ್. ಇನ್ನೊಂದು ಈಗ ಸದ್ದಿಲ್ಲದೆ ನಿಂತಿರುವ ಎಂಪಿಎಂ ಕಾಗದದ ಕಾರ್ಖಾನೆ. ನನ್ನ ಕ್ಲಾಸಿನ ಅರ್ಧ ಜನರ ಅಪ್ಪಂದಿರು ಈ ಎರಡರಲ್ಲಿ ಒಂದರ ಸೈರನ್ನಿಗೆ ಎದ್ದು ಸೈಕಲ್ ಹತ್ತಿದವರು. ಭೋಪಾಲ್ ಅನಿಲ ದುರಂತದ ನಂತರ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು 41ಜಿ ಅಂತ ಒಂದು ಸೆಕ್ಷನ್ ಸೇರಿಸಿದರು. ಅಪಾಯಕಾರಿ ಪ್ರಕ್ರಿಯೆ ಇರುವ ಕಾರ್ಖಾನೆಯಲ್ಲಿ ಸುರಕ್ಷತಾ ಸಮಿತಿ ಇರಬೇಕು, ಅದರಲ್ಲಿ ಆಡಳಿತದವರು ಎಷ್ಟು ಜನವೋ ಕಾರ್ಮಿಕರ ಪ್ರತಿನಿಧಿಗಳೂ ಅಷ್ಟೇ ಜನ ಇರಬೇಕು. ಅಂಥ ಉದ್ಯಮಗಳ ಪಟ್ಟಿಯಲ್ಲಿ ಕಬ್ಬಿಣ-ಉಕ್ಕೂ ಇದೆ, ಕಾಗದವೂ ಇದೆ.

ಯಾಕೆ ಹಾಗೆ ಬರೆದರು? ಕುಲುಮೆಯ ಬಾಗಿಲು ಯಾವಾಗ ಸಿಕ್ಕಿಹಾಕಿಕೊಳ್ಳುತ್ತೆ ಅನ್ನೋದು ಅದರ ಮುಂದೆ ನಿಂತವನಿಗೆ ಗೊತ್ತಿರುತ್ತೆ ಅಂತ. ಕಬ್ಬಿಣ ಕರಗಿಸುವಲ್ಲಿ ಕೆಲಸಗಾರನ ಮಾತಿಗೆ ಕಾನೂನಿನ ಬೆಲೆ ಇದೆ. ಮನುಷ್ಯರ ಜೀವ ಉಳಿಸುವಲ್ಲಿ ವಾರ್ಡ್ ಸಿಸ್ಟರಿನ ಮಾತಿಗೆ ಅಷ್ಟೇ ಬೆಲೆ ಯಾಕೆ ಇರಬಾರದು?

ಇದು ಎಲ್ಲೂ ಇಲ್ಲದ ಕನಸೇನಲ್ಲ. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳನ್ನು ನಡೆಸುವ ಫೌಂಡೇಷನ್ ಟ್ರಸ್ಟುಗಳ ಬಗ್ಗೆ 2006ರ ಕಾಯ್ದೆ ಹೇಳುತ್ತೆ: ಕಾರ್ಯನಿರ್ವಾಹಕ ನಿರ್ದೇಶಕರಲ್ಲಿ ಒಬ್ಬರು ವೈದ್ಯರೋ ದಂತವೈದ್ಯರೋ ಆಗಿರಬೇಕು, ಇನ್ನೊಬ್ಬರು ನೋಂದಾಯಿತ ನರ್ಸ್ ಅಥವಾ ಸೂಲಗಿತ್ತಿ ಆಗಿರಬೇಕು. ದಯೆ ತೋರಿಸಿ ಕೊಟ್ಟ ಜಾಗ ಅಲ್ಲ, ಕಾನೂನಿನ ಜಾಗ. ವಿಶ್ವ ಆರೋಗ್ಯ ಸಂಸ್ಥೆಯಲ್ಲೂ ಮುಖ್ಯ ನರ್ಸಿಂಗ್ ಅಧಿಕಾರಿ ಅಂತ ಒಂದು ಹುದ್ದೆ ಇದೆ, 2017ರಲ್ಲಿ ಅದಕ್ಕೆ ಕುಕ್ ದ್ವೀಪಗಳ ಎಲಿಜಬೆತ್ ಇರೋ ಅವರನ್ನು ನೇಮಿಸಿದರು. ನಮ್ಮ ಹುಡುಗಿಯರು ಐಇಎಲ್‌ಟಿಎಸ್ ಬರೆದು ಇಂಗ್ಲೆಂಡಿಗೆ ವಿಮಾನ ಹತ್ತುತ್ತಿದ್ದಾರೆ. ಸಂಬಳಕ್ಕೆ ಹೋಗ್ತಾರೆ, ನಿಜ. ಆದರೆ ಅಲ್ಲಿ ಮೇಲೇರಲು ಒಂದು ಏಣಿ ಇದೆ, ಅದರ ತುದಿಯಲ್ಲಿ ಒಂದು ಕುರ್ಚಿ ಇದೆ.

ನಮ್ಮಲ್ಲಿ ಏನು ಸಿಕ್ಕಿತು? ಹೆಸರು ಸಿಕ್ಕಿತು. ನಮ್ಮ ಜಿಲ್ಲೆಯ ಶಿಕಾರಿಪುರದಿಂದ ಗೆದ್ದು ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪನವರು 2021ರ ದಾದಿಯರ ದಿನದಂದು, ಇನ್ನು ಮೇಲೆ ನಿಮ್ಮನ್ನು ಶುಶ್ರೂಷಾಧಿಕಾರಿ ಅಂತ ಕರೆಯುತ್ತೇವೆ ಅಂದರು. ಒಳ್ಳೆಯದೇ, ಗೌರವ ಬೇಕು. ಆದರೆ ಅಧಿಕಾರಿ ಅಂತ ಬೋರ್ಡು ಹಾಕಿ ಅಧಿಕಾರ ಕೊಡದಿದ್ದರೆ ಅದೂ ಪ್ಲಾಸ್ಟಿಕ್ ಹಾಳೆ ಸುತ್ತಿದ ಗುಲಾಬಿಯೇ. 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆ ಬಂತು. ಅದರ ಗಮನ ಹೆಚ್ಚಾಗಿ ನರ್ಸಿಂಗ್ ಶಿಕ್ಷಣ, ನೋಂದಣಿ, ವೃತ್ತಿಯ ಗುಣಮಟ್ಟದ ಮೇಲೆ. ಅಂದರೆ ನರ್ಸುಗಳ ಬಗ್ಗೆ ನೀತಿ ಮಾಡಲು ಒಂದು ಮನೆ ಆಯ್ತು. ನಾನು ಕೇಳ್ತಿರೋದು ಆರೋಗ್ಯದ ಬಗ್ಗೆ ನೀತಿ ಮಾಡುವ ಮನೆಯಲ್ಲಿ ನರ್ಸುಗಳಿಗೆ ಜಾಗ.

ನಮ್ಮ ಜಿಲ್ಲೆಗೆ ಈ ಪಾಠ ಬೇರೆಯವರು ಹೇಳಬೇಕಾಗಿಲ್ಲ. ಮಂಗನ ಕಾಯಿಲೆಗೆ ಕ್ಯಾಸನೂರು ಕಾಡಿನ ಕಾಯಿಲೆ ಅಂತ ಜಗತ್ತಿನ ಪುಸ್ತಕಗಳಲ್ಲಿ ಹೆಸರು ಬಂದಿದ್ದೇ ಸೊರಬ ತಾಲ್ಲೂಕಿನ ಕಾಡಿನಿಂದ, 1957ರಲ್ಲಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಸಾಲು ಸಾವು ತಂದದ್ದು ನೆನಪಿರಬಹುದು. ಅದಕ್ಕೊಂದು ಲಸಿಕೆ ಇತ್ತು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಕೆಲವು ತಿಂಗಳ ನಂತರ ಬೂಸ್ಟರ್, ಆಮೇಲೆ ವರ್ಷ ವರ್ಷವೂ ಬೂಸ್ಟರ್. ಚುಚ್ಚಿಸಿಕೊಂಡವರಿಗೆ ತೋಳು ಎತ್ತಲಾಗದಷ್ಟು ನೋವು. ಅಡಿಕೆ ಕೊಯ್ಲಿನ ದಿನಗಳಲ್ಲಿ ತೋಳು ನೋವು ಅಂದ್ರೆ ಕೂಲಿ ಹೋಯ್ತು ಅಂತ ಅರ್ಥ. ಜನ ಎರಡನೇ ಸಲ ಯಾಕೆ ಬರ್ತಿಲ್ಲ ಅನ್ನೋದು ಐಸ್ ಬಾಕ್ಸ್ ಹೊತ್ತು ಮನೆ ಮನೆಗೆ ಹೋದ ಆರೋಗ್ಯ ಸಹಾಯಕಿಯರಿಗೂ ಅವರ ಮೇಲ್ವಿಚಾರಕಿಯರಿಗೂ ಮೊದಲ ವಾರವೇ ಗೊತ್ತಿರುತ್ತೆ. ಆದರೆ ಅವರು ತುಂಬುವ ಫಾರಂನಲ್ಲಿ ಎಷ್ಟು ಡೋಸ್ ಅಂತ ಒಂದು ಕಾಲಂ ಇರುತ್ತೆ, ಯಾಕೆ ಬರಲಿಲ್ಲ ಅನ್ನೋದಕ್ಕೆ ಕಾಲಂ ಎಲ್ಲಿರುತ್ತೆ? ಅಂಕಿ ಮೇಲೆ ಹೋಗುತ್ತೆ, ಕಾರಣ ಕೆಳಗೇ ಉಳಿಯುತ್ತೆ. ಸಾಕಷ್ಟು ರಕ್ಷಣೆ ಕೊಡುತ್ತಿಲ್ಲ ಅಂತ 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಿದರು. ಮುಂದೆ ಹೊಸ ಲಸಿಕೆ ಬಂದಾಗ ಅದನ್ನು ಯಾವ ತಿಂಗಳು, ಯಾವ ಹೊತ್ತಿನಲ್ಲಿ, ಎಲ್ಲಿ ಕೊಡಬೇಕು ಅಂತ ನಿರ್ಧರಿಸುವ ಮೀಟಿಂಗಿನಲ್ಲಿ ಇವರಿಲ್ಲದಿದ್ದರೆ ಅದೇ ಕತೆ ಮತ್ತೆ.

ಇನ್ನೊಂದು ತಕರಾರು ಇದೆ, ಅದನ್ನು ಹೇಳಿದ್ದು ಸ್ವತಃ ಚಿಕ್ಕಮ್ಮ. "ಕಮಿಟಿಗೆ ಒಬ್ಬ ನರ್ಸನ್ನ ಹಾಕಿದ್ರೆ ಆಯ್ತಾ? ರಿಟೈರ್ ಆಗೋಕೆ ಆರು ತಿಂಗಳು ಇರೋ ಸೂಪರಿಂಟೆಂಡೆಂಟನ್ನ ಕೂರಿಸ್ತಾರೆ. ಅವರು ವಾರ್ಡ್ ಬಿಟ್ಟು ಎಷ್ಟು ವರ್ಷ ಆಗಿರುತ್ತೋ. ದೊಡ್ಡೋರು ಹೇಳಿದ್ದಕ್ಕೆಲ್ಲ ಹೂಂ ಅಂದು ಸಹಿ ಹಾಕಿ ಬರ್ತಾರೆ." ಅವಳು ಹೇಳೋದು ಸರಿ. ಒಬ್ಬರನ್ನು ಅಲಂಕಾರಕ್ಕೆ ಕೂರಿಸಿದರೆ ಬೇಡವೇ ಬೇಡ. ಮೇಲಿನವರ ಎದುರು ಬಾಯಿ ಬಿಡದ ಅಭ್ಯಾಸವನ್ನು ನರ್ಸಿಂಗ್ ಕಾಲೇಜಿನ ಮೊದಲ ವರ್ಷದಿಂದಲೇ ಕಲಿಸಿರುತ್ತಾರೆ. ಬಹುಪಾಲು ಹೆಂಗಸರಿರುವ ವೃತ್ತಿ, ಬಹುಪಾಲು ಗಂಡಸರಿರುವ ಕಮಿಟಿ. ಅದೂ ಇದೆ.

ಹಾಗಾಗಿ ಕೇಳೋದನ್ನು ಸ್ಪಷ್ಟವಾಗಿ ಕೇಳೋಣ. ಪ್ರತಿ ಜಿಲ್ಲಾ, ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ಕನಿಷ್ಠ ಇಬ್ಬರು ಹಾಲಿ ವಾರ್ಡ್ ಇನ್‌ಚಾರ್ಜ್‌ಗಳು ಇರಲಿ. ಅವರನ್ನು ಆಸ್ಪತ್ರೆಯ ನರ್ಸುಗಳೇ ಆರಿಸಲಿ. ಅವರು ಎತ್ತಿದ ವಿಷಯ, ಅದಕ್ಕೆ ಸಿಕ್ಕ ಉತ್ತರ, ಎರಡೂ ನಡಾವಳಿಯಲ್ಲಿ ಬರಲಿ. ಡ್ರಿಪ್ ಸೆಟ್ಟಿನಿಂದ ಮಂಚದವರೆಗೆ ಏನು ಕೊಂಡರೂ ಬಳಸುವವರು ನೋಡಿ ಒಪ್ಪಿದ ಮೇಲೆ ಕೊಳ್ಳಲಿ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸತ್ತಾಗ ಸಂಶಯ ಹೋದದ್ದು ರಿಂಗರ್ಸ್ ಲ್ಯಾಕ್ಟೇಟ್ ಅನ್ನೋ ಡ್ರಿಪ್ ದ್ರಾವಣದ ಮೇಲೆ. ಬಾಟಲಿ ನೇತುಹಾಕಿ, ಆಮೇಲೆ ರೋಗಿಗೆ ಚಳಿ ನಡುಕ ಬಂದರೆ ಮೊದಲು ನೋಡುವ ಕಣ್ಣು ಯಾರದು? ಆ ಕಣ್ಣಿನಿಂದ ಬೆಂಗಳೂರಿನ ಖರೀದಿ ಟೇಬಲ್ಲಿಗೆ ಒಂದು ನೇರ ದಾರಿ ಬೇಕು. ಕಡೆಯದಾಗಿ, ಹೆಡ್ ನರ್ಸ್ ಸಹಿ ಇಲ್ಲದೆ ಯಾವ ಆಸ್ಪತ್ರೆ ಸಾಫ್ಟ್‌ವೇರೂ ಲೈವ್ ಆಗಬಾರದು. ಇದು ನನ್ನ ಪ್ರಾಯಶ್ಚಿತ್ತದ ಐಟಂ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರು ಹೆಲ್ತ್‌ಟೆಕ್ ಕಂಪನಿಗಳಲ್ಲಿದ್ದೀರಿ, ಕೆಲವರು ಸರ್ಕಾರಕ್ಕೆ ಸಲಹೆ ಕೊಡುವ ಕನ್ಸಲ್ಟಿಂಗ್ ಕಂಪನಿಗಳಲ್ಲಿ ಚೆಂದದ ಸ್ಲೈಡ್ ಮಾಡ್ತಿದ್ದೀರಿ. ನರ್ಸುಗಳಿಗೆ ಇಲ್ಲದ ಕುರ್ಚಿ ಇಪ್ಪತ್ತೈದು ವರ್ಷದ ನಿಮಗೆ ಮೊದಲ ವರ್ಷವೇ ಸಿಕ್ಕಿದೆ, ನನಗೂ ಸಿಕ್ಕಿತ್ತು. ಮುಂದಿನ ಮೀಟಿಂಗಿನಲ್ಲಿ ಒಂದು ಪ್ರಶ್ನೆ ಕೇಳಿ ಸಾಕು: ಇಲ್ಲಿ ಕೂತಿರುವವರಲ್ಲಿ ಕಳೆದ ತಿಂಗಳು ನೈಟ್ ಡ್ಯೂಟಿ ಮಾಡಿದವರು ಯಾರು? ಯಾರೂ ಕೈ ಎತ್ತದಿದ್ದರೆ ಆ ಮೀಟಿಂಗನ್ನು ಮುಂದಕ್ಕೆ ಹಾಕಿ.

ಇದನ್ನೆಲ್ಲ ಬರೆದು ಚಿಕ್ಕಮ್ಮನಿಗೆ ಓದಿ ಹೇಳಿದೆ. ಕೇಳಿ ನಕ್ಕಳು. "ಕುರ್ಚಿ ಕೊಟ್ರೆ ಕೂರೋಕೆ ಟೈಮ್ ಎಲ್ಲಿದೆಯೋ? ಮೀಟಿಂಗಿಗೆ ಹೋದ ಹೊತ್ತಲ್ಲಿ ವಾರ್ಡ್ ಯಾರು ನೋಡ್ತಾರೆ? ಅದನ್ನೂ ಬರಿ." ಬರೆದಿದ್ದೇನೆ: ಮೀಟಿಂಗಿನ ಹೊತ್ತು ಡ್ಯೂಟಿ ಅಂತಲೇ ಲೆಕ್ಕ, ಆ ಹೊತ್ತಿಗೆ ವಾರ್ಡಿಗೆ ಬದಲಿ ಸಿಸ್ಟರ್.

ಸರಿ, ಕುರ್ಚಿ ಸಿಕ್ಕಿತು ಅಂತಿಟ್ಟುಕೋ, ಮೊದಲನೇ ದಿನ ಏನು ಹೇಳ್ತೀಯ ಅಂತ ಕೇಳಿದೆ. ನೀತಿ, ಬಜೆಟ್ಟು ಅಂತ ಏನೋ ಹೇಳ್ತಾಳೆ ಅಂದುಕೊಂಡಿದ್ದೆ. ಒಂದು ಕ್ಷಣವೂ ಯೋಚಿಸಲಿಲ್ಲ ಅವಳು. "ಸ್ಟ್ರೆಚರಿನ ಒಂದು ಚಕ್ರ ತಿರುಗಲ್ಲ. ನೈಟಲ್ಲಿ ಔಷಧಿ ರೂಮಿನ ಬೀಗದ ಕೈ ಇರೋರು ಮನೇಲಿರ್ತಾರೆ. ಇಷ್ಟು ಹೇಳ್ತೀನಿ. ಆಮೇಲೆ ಇದನ್ನು ಹೇಳೋಕೆ ಇಷ್ಟು ವರ್ಷ ಯಾಕೆ ಬೇಕಾಯ್ತು ಅಂತ ಕೇಳ್ತೀನಿ."